ತೆರಕಣಾಂಬಿಗೆ ಹೋಗದ ಬ್ಯಾಟರಿ

“ಬಂತಾ?” ಎಂದು ಗುರುಪಾದಸ್ವಾಮಿ ಮೇಷ್ಟ್ರು ಕೇಳಿದರು.

ರಾಚಿ ಪೆನ್ಸಿಲನ್ನು ಹಾಳೆಯ ಮೇಲೆ ಊರಿಕೊಂಡೇ ಕೂತಿದ್ದಳು. ಹೆಡ್‌ಫೋನಿನಲ್ಲಿ ಈಗ ಬರೀ ಸೊಂಯ್ ಎನ್ನುವ ಸದ್ದು. ಇಷ್ಟು ಹೊತ್ತು ಬರುತ್ತಿದ್ದ ಕುಂಯ್ ಕುಂಯ್ ನಿಂತಿತ್ತು. ದೂರದ ಗುಂಡ್ಲುಪೇಟೆಯಲ್ಲಿ ಶಂಭುಲಿಂಗಪ್ಪನವರು ರೇಡಿಯೋದಲ್ಲಿ ಸಂದೇಶ ಕಳಿಸಿ ಮುಗಿಸಿ, ಇಲ್ಲಿಂದ ಬರುವ ಉತ್ತರಕ್ಕೆ ಕಾಯುತ್ತಿದ್ದರು.

ಚಾಮರಾಜನಗರದ ಹೈಸ್ಕೂಲಿನ ಹಾಲ್ ತುಂಬಿತ್ತು. ಬೆಂಚುಗಳ ಮೇಲೆ ಊರಿನ ದೊಡ್ಡವರು, ನೆಲದ ಮೇಲೆ ಮಕ್ಕಳು. ಬಾಗಿಲಲ್ಲಿ ರಾಚಿಯ ಅಪ್ಪ ಪುಟ್ಟಮಾದಯ್ಯ ನಿಂತಿದ್ದ. ಅವನು ಆ ಹೈಸ್ಕೂಲಿನ ಜವಾನ. ಇವತ್ತು ಒಗೆದ ರುಮಾಲು ಸುತ್ತಿಕೊಂಡು ಬಂದಿದ್ದ.

“ಪೂರ್ತಿ ಬಂತೇನಮ್ಮ?” ಮೇಷ್ಟ್ರು ಮತ್ತೆ ಕೇಳಿದರು.

ಪೂರ್ತಿ ಬಂದಿರಲಿಲ್ಲ.

ಹಾಳೆಯ ಮೇಲೆ ಇದ್ದದ್ದು ಇಷ್ಟು: ‘ನಮಸ್ಕಾರ. ನಾಳೆ ತೆರಕಣಾಂಬಿ ಸಭೆಗೆ’. ಅಲ್ಲಿಯವರೆಗೆ ಒಂದಕ್ಷರವೂ ತಪ್ಪಿರಲಿಲ್ಲ. ಆಗ ರಾಚಿಗೆ, ಅಪ್ಪ ನನ್ನನ್ನು ನೋಡುತ್ತಿದ್ದಾನಾ ಎನ್ನಿಸಿತು. ತಲೆ ಎತ್ತಿದಳು. ಅಪ್ಪ ನೋಡುತ್ತಿದ್ದ. ಬಾಯಿ ಸ್ವಲ್ಪ ತೆರೆದುಕೊಂಡು, ರೆಪ್ಪೆ ಹೊಡೆಯದೆ ನೋಡುತ್ತಿದ್ದ. ಅವಳು ಮತ್ತೆ ತಲೆ ತಗ್ಗಿಸುವಷ್ಟರಲ್ಲಿ ಮೋರ್ಸ್ ಸದ್ದಿನ ಚುಕ್ಕಿ ಗೆರೆಗಳು ಮುಂದೆ ಓಡಿದ್ದವು. ಹೋದ ಅಕ್ಷರ ಯಾವುದು ಎಂದು ಯೋಚಿಸುವಾಗ ಇನ್ನೊಂದು ಹೋಯಿತು. ಅದನ್ನು ಹಿಡಿಯಲು ಹೋದಾಗ ಮತ್ತೊಂದು. ಹಾಗೆ ಕೊನೆಯವರೆಗೂ ಹೋಯಿತು.

“ಬಂತು ಸಾ,” ಎಂದಳು ರಾಚಿ.

ಮೇಷ್ಟ್ರು ಮೇಜಿನ ಮೇಲಿದ್ದ ಕೀ ಒತ್ತಿದರು. ಡಿ ಡಾ ಡಿಟ್. ಅದು R. ನೀವು ಕಳಿಸಿದ್ದೆಲ್ಲ ನಮಗೆ ತಲುಪಿತು ಎಂದು ಅದರ ಅರ್ಥ. ಗುಂಡ್ಲುಪೇಟೆಯ ಸೆಟ್ ಆರಿತು.

“ಏನು ಬಂದಿದೆ, ಓದು. ಎಲ್ಲರಿಗೂ ಕೇಳಬೇಕು.”

ರಾಚಿ ಎದ್ದು ನಿಂತಳು. ಹಾಳೆಯನ್ನು ಮುಖದ ಹತ್ತಿರ ಹಿಡಿದುಕೊಂಡಳು.

“ನಮಸ್ಕಾರ. ನಾಳೆ ತೆರಕಣಾಂಬಿ ಸಭೆಗೆ...” ನಾಲಿಗೆ ಅಲ್ಲೇ ನಿಂತಿತು. “...ಎಲ್ಲರೂ ಬನ್ನಿ.”

ಹಾಲಿನಲ್ಲಿ ಚಪ್ಪಾಳೆ ಬಿತ್ತು. “ತಂತಿಯಿಲ್ಲ, ಕಂಬ ಇಲ್ಲ. ಗುಂಡ್ಲುಪೇಟೆ ಮಾತು ಇಲ್ಲಿಗೆ ಬಂದ್ಬುಡ್ತಲ್ಲಯ್ಯ,” ಎಂದರು ಬೆಂಚಿನ ಮೇಲಿದ್ದ ಒಬ್ಬರು. “ಜವಾನನ ಕೂಸು ಹಿಡ್ಕತು ನೋಡು,” ಎಂದರು ಪಕ್ಕದವರು. ಬಾಗಿಲಲ್ಲಿ ಅಪ್ಪ ರುಮಾಲಿನ ತುದಿಯಿಂದ ಮೂಗು ಒರೆಸಿಕೊಂಡ.

ರಾಚಿ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗೈಯಲ್ಲಿ ಮುಚ್ಚಿಕೊಂಡಳು.

*

ಆ ಹೈಸ್ಕೂಲಿನ ಹಿಂದೆ ಒಂದು ಹಳೆಯ ಕೋಣೆ ಇತ್ತು. ಪ್ರತಿ ಭಾನುವಾರ ಅಲ್ಲಿ ಹವ್ಯಾಸಿ ರೇಡಿಯೋ ಕ್ಲಬ್ ಸೇರುತ್ತಿತ್ತು. ಊರಿನವರು ಅದನ್ನು ಕುಂಯ್ ಕ್ಲಬ್ ಎನ್ನುತ್ತಿದ್ದರು. ಕಿಟಕಿಯ ಬಳಿ ಹೋದವರಿಗೆ ಯಾವಾಗಲೂ ಅದೇ ಸದ್ದು ಕೇಳುತ್ತಿತ್ತು.

ಕ್ಲಬ್ಬಿನವರು ಕೂತು ಸೆಟ್ ಕಟ್ಟುತ್ತಿದ್ದರು, ಬಿಚ್ಚುತ್ತಿದ್ದರು, ಮತ್ತೆ ಕಟ್ಟುತ್ತಿದ್ದರು. ಕೀ ಒತ್ತಿ ಗಾಳಿಯಲ್ಲಿ ಸಂದೇಶ ಕಳಿಸಲು ಸರ್ಕಾರದ ಲೈಸೆನ್ಸ್ ಬೇಕು. ಅದು ಇದ್ದದ್ದು ಇಬ್ಬರಿಗೆ ಮಾತ್ರ. ಚಾಮರಾಜನಗರದಲ್ಲಿ ವಿಜ್ಞಾನದ ಮೇಷ್ಟ್ರು ಗುರುಪಾದಸ್ವಾಮಿ, ಗುಂಡ್ಲುಪೇಟೆಯಲ್ಲಿ ಜವಳಿ ಅಂಗಡಿಯ ಶಂಭುಲಿಂಗಪ್ಪ. ಅಕ್ಕಿ ಮಿಲ್ಲಿನ ಶಿವಮಲ್ಲಪ್ಪನವರಿಗೂ ಲೈಸೆನ್ಸ್ ಬರುವುದರಲ್ಲಿತ್ತು. ಕೇಳಿಸಿಕೊಂಡು ಬರೆದುಕೊಳ್ಳಲು ಮಾತ್ರ ಯಾರಾದರೂ ಕೂರಬಹುದಿತ್ತು.

ಮಕ್ಕಳಿಗೆ ಅದನ್ನು ಕಲಿಸುತ್ತಿದ್ದವರು ಶಂಭುಲಿಂಗಪ್ಪನವರು. ಭಾನುವಾರ ಬೆಳಿಗ್ಗೆ ಬಸ್ಸಿನಲ್ಲಿ ಬರುವಾಗ ಹುರಿದ ಕಡಲೆಕಾಯಿ ಕಟ್ಟಿಸಿಕೊಂಡು ಬರುತ್ತಿದ್ದರು. ಒತ್ತಿದರೆ ಕುಂಯ್ ಎನ್ನುವ ಬಜರ್ ಮುಂದೆ ಕೂತು, ಚುಕ್ಕಿ ಮತ್ತು ಗೆರೆಗಳ ಮೋರ್ಸ್ ಅಕ್ಷರಗಳನ್ನು ಒತ್ತುತ್ತಿದ್ದರು. ಅಕ್ಷರಗಳು ಇಂಗ್ಲಿಷಿನವು, ಮಾತು ಕನ್ನಡದ್ದು. ಜನಕ್ಕೆ ತಿಳಿಯಬೇಕಲ್ಲ ಎಂದು ಕ್ಲಬ್ಬಿನವರು ಹಾಗೆ ಮಾಡಿಕೊಂಡಿದ್ದರು.

“ನೋಡ್ರಲಾ, ನಾನು ಬಟ್ಟೆ ಅಳಿಯೋನು,” ಎಂದು ಮೊದಲ ದಿನವೇ ಹೇಳಿದ್ದರು. “ಅನುಮಾನ ಬಂದ್ರೆ ಇನ್ನೊಂದ್ಸಲ ಅಳೀಬೋದು. ಕತ್ತರಿ ಹಾಕಿದ್ ಮೇಲೆ ಆಗಲ್ಲ. R ಅಂದ್ರೆ ಕತ್ತರಿ. ಒಂದಕ್ಷರ ಬಿಟ್ಟೋಗಿದ್ರೂ R ಕೊಡಬಾರ್ದು. ಪ್ರಶ್ನೆ ಗುರುತು ಹಾಕಿ. ಡಿ ಡಿ ಡಾ ಡಾ ಡಿ ಡಿಟ್. ಇನ್ನೊಂದ್ಸಲ ಕಳಿಸಿ ಅಂತ. ನಂದೇನು ಕೈ ಸವೆಯಲ್ಲ.”

“ಹತ್ತು ಸಲ ಕೇಳುದ್ರೆ ಸಾವ್ಕಾರ್ರೇ?” ಎಂದಿದ್ದ ಮಕ್ಕಳಲ್ಲೊಬ್ಬನಾದ ಮಂಟೇಸ್ವಾಮಿ.

“ಹತ್ತು ಸಲ ಕಳಿಸ್ತೀನಿ. ಹನ್ನೊಂದನೇ ಸಲಕ್ಕೆ ನಿನ್ನ ಕಿವಿ ಹಿಂಡ್ತೀನಿ.”

ಮಂಟೇಸ ನಿಜವಾಗಿಯೂ ಹಾಗೇ ಕೇಳುತ್ತಿದ್ದ. ಪ್ರತಿ ಸಾಲಿಗೂ “ಇನ್ನೊಂದ್ಸಲ ಸಾವ್ಕಾರ್ರೇ” ಎನ್ನುತ್ತಿದ್ದ. ಮಕ್ಕಳು ಅವನಿಗೆ ‘ಇನ್ನೊಂದ್ಸಲ’ ಎಂದೇ ಹೆಸರಿಟ್ಟಿದ್ದರು.

ರಾಚಿ ಒಂದು ಸಲವೂ ಕೇಳಿರಲಿಲ್ಲ. ಅವಳಿಗೆ ಕೇಳಬೇಕಾಗಿ ಬಂದಿರಲಿಲ್ಲ. ಅಪ್ಪನ ಜೊತೆ ಕೋಣೆಯ ಬೀಗ ತೆಗೆಯಲು ಬಂದವಳು, ಮಕ್ಕಳ ಹಿಂದೆ ಕೂತು ಕಲಿತು, ಮೂರು ತಿಂಗಳಲ್ಲಿ ಎಲ್ಲರಿಗಿಂತ ಮುಂದೆ ಹೋಗಿದ್ದಳು. “ಜವಾನನ ಹುಡುಗಿಗೆ ಯಾಕ್ರೀ ಹೆಡ್‌ಫೋನು?” ಎಂದು ಶಿವಮಲ್ಲಪ್ಪನವರು ಒಂದು ದಿನ ಕೇಳಿದ್ದರು. ಶಂಭುಲಿಂಗಪ್ಪನವರು ತಮ್ಮ ತಲೆಯ ಮೇಲಿದ್ದ ಹೆಡ್‌ಫೋನು ತೆಗೆದು ರಾಚಿಯ ತಲೆಗೆ ಇಟ್ಟಿದ್ದರು.

ಈ ಶನಿವಾರದ ಸಭೆಯಲ್ಲಿ ಅವಳನ್ನೇ ಕೂರಿಸಬೇಕು ಎಂದು ಹಟ ಹಿಡಿದವರೂ ಅವರೇ.

*

ಸಂಜೆ ಬೀದಿಯಲ್ಲಿ ಅಪ್ಪ ಮನೆಮನೆಯ ಜಗಲಿಯ ಮುಂದೆಯೂ ನಿಂತ.

“ಮೇಷ್ಟ್ರು ಬಂತಾ ಅಂದ್ರು. ನಮ್ಮ ರಾಚಿ, ಬಂತು ಸಾ ಅಂದ್ಲು. ಒಂದೇ ಸಲಕ್ಕೆ ಹಿಡ್ಕಬುಟ್ಲು. ಊರ್ನೋರೆಲ್ಲ ಕೈ ತಟ್ಟುದ್ರು.”

“ಸುಮ್ಕೆ ಒಳಕ್ಕೆ ಬನ್ನಿ,” ಎಂದಳು ಅವ್ವ ಚಿಕ್ಕನಿಂಗಮ್ಮ. “ಕೂಸ್ಗೆ ದೃಷ್ಟಿ ಆಯ್ತದ.”

ಮುದ್ದೆಯ ಮುಂದೆ ಕೂತ ರಾಚಿಗೆ ತುತ್ತು ಇಳಿಯಲಿಲ್ಲ.

“ಯಾಕಮ್ಮಿ? ಸಾರು ಖಾರ ಆಗದಾ?”

“ಇಲ್ಲ ಕನವ್ವ.”

ತೆರಕಣಾಂಬಿ ಸಭೆಗೆ ಎಂದ ಮೇಲೆ ಬನ್ನಿ ಎನ್ನದೆ ಇನ್ನೇನು ಎಂದಿರುತ್ತಾರೆ? ರಾಚಿ ತನಗೆ ತಾನೇ ಹೇಳಿಕೊಂಡಳು. ಹಾಗೇ ಇರುತ್ತದೆ. ಹಾಗಲ್ಲದೆ ಬೇರೆ ಏನಿರುತ್ತದೆ? ಆದರೂ ಅವಳಿಗೆ ಗೊತ್ತಿತ್ತು, ಎಲ್ಲರೂ ಬನ್ನಿ ಎನ್ನಲು ಅಷ್ಟು ಹೊತ್ತು ಹಿಡಿಯುವುದಿಲ್ಲ. ಅವಳು ಕಳೆದುಕೊಂಡ ಮಾತು ಅದಕ್ಕಿಂತ ಉದ್ದವಿತ್ತು.

ಈಗಲೂ ಮೇಷ್ಟ್ರ ಮನೆಗೆ ಓಡಬಹುದಿತ್ತು. ಅವರ ಮನೆ ಎರಡು ಬೀದಿ ಆಚೆ. ಅವಳು ಎದ್ದು ಬಾಗಿಲ ತನಕ ಬಂದಳು. ಹೊರಗೆ ಅಪ್ಪ ಇನ್ನೂ ಹೇಳುತ್ತಿದ್ದ. “ಒಂದೇ ಸಲಕ್ಕೆ ಕನ ಬುದ್ಧಿ, ಒಂದೇ ಸಲಕ್ಕೆ.”

ರಾಚಿ ಒಳಗೆ ಹೋಗಿ ಚಾಪೆ ಹಾಸಿಕೊಂಡಳು.

*

ಎಲ್ಲರೂ ಬನ್ನಿ ಎಂದು ಸಂದೇಶ ಬಂದಿತ್ತಲ್ಲ, ಮರುದಿನ ಎಲ್ಲರೂ ಹೊರಟರು. ಕ್ಲಬ್ಬಿನವರು, ಅವರ ಹೆಂಡತಿ ಮಕ್ಕಳು, ಪುಟ್ಟಮಾದಯ್ಯ, ರಾಚಿ, ಮಂಟೇಸ. ಒಂದಿಬ್ಬರು ಚಿತ್ರಾನ್ನ ಕಟ್ಟಿಕೊಂಡಿದ್ದರು. ಗುರುಪಾದಸ್ವಾಮಿ ಮೇಷ್ಟ್ರು ಮಾತ್ರ ಚಾಮರಾಜನಗರದಲ್ಲೇ ಉಳಿದರು. ಅವರು ಅಲ್ಲಿಂದ ಸಂದೇಶ ಕಳಿಸಬೇಕು, ತೆರಕಣಾಂಬಿಯಲ್ಲಿ ಶಂಭುಲಿಂಗಪ್ಪನವರು ಅದನ್ನು ಹಿಡಿದು ಜನಕ್ಕೆ ತೋರಿಸಬೇಕು. ಅದು ಗೊತ್ತಾಗಿದ್ದ ಏರ್ಪಾಡು.

ಬಸ್ಸು ನಿಂತಾಗ ಶಂಭುಲಿಂಗಪ್ಪನವರು ಆಗಲೇ ಎದುರಿಗೆ ಬಂದಿದ್ದರು. ಗುಂಡ್ಲುಪೇಟೆಯಿಂದ ಸೆಟ್ಟನ್ನು ತಗಡಿನ ಟ್ರಂಕಿನಲ್ಲಿ ಇಟ್ಟುಕೊಂಡು ಬಂದು, ಶಾಲೆಯ ಸೂರಿನಿಂದ ಹುಣಸೆಮರಕ್ಕೆ ತಂತಿ ಎಳೆಸಿ, ಎಲ್ಲ ಸಿದ್ಧ ಮಾಡಿದ್ದರು. ಇಳಿಯುತ್ತಿದ್ದ ಜನರನ್ನು ಅವರು ನೋಡಲಿಲ್ಲ. ಬಸ್ಸಿನ ಟಾಪನ್ನು ನೋಡಿದರು.

“ಬ್ಯಾಟ್ರಿ ಮೇಲಿದೆಯೋ, ಒಳಗಿದೆಯೋ? ಹುಷಾರಾಗಿ ಇಳಿಸಿ, ಆಸಿಡ್ ಚೆಲ್ಲೀತು.”

“ಯಾವ ಬ್ಯಾಟ್ರಿ ಸಾವ್ಕಾರ್ರೇ?” ಎಂದರು ಶಿವಮಲ್ಲಪ್ಪ.

“ಏನ್ರೀ ಹಿಂಗಂತೀರಿ. ನಿನ್ನೆ ಕಳಿಸಿದ್ನಲ್ಲ. ನಾಳೆ ತೆರಕಣಾಂಬಿ ಸಭೆಗೆ ಬ್ಯಾಟರಿ ಕಳಿಸಿ, ನನ್ನದು ಇಳಿದಿದೆ ಅಂತ. R ಕೊಟ್ರಿ. ಅದಕ್ಕೇ ಸೆಟ್ ಆರಿಸ್ದೆ.”

“ನಮಗೆ ಹಂಗೆ ಬರ್ಲಿಲ್ಲ. ಎಲ್ಲರೂ ಬನ್ನಿ ಅಂತ ಬಂತು. ಅದ್ಕೇ ಹೆಂಡ್ರು ಮಕ್ಕಳ್ನೂ ಕರ್ಕೊಂಡ್ಬಂದಿದೀವಿ.”

ರಾಚಿ ಬಸ್ಸಿನ ಮೆಟ್ಟಿಲ ಮೇಲೆ ನಿಂತಿದ್ದಳು. ಇನ್ನೂ ಕಾಲು ನೆಲಕ್ಕೆ ಇಟ್ಟಿರಲಿಲ್ಲ. ಹಿಂದಿನಿಂದ ಯಾರೋ “ಇಳಿ ಕಣಮ್ಮಿ” ಎಂದು ತಳ್ಳಿದರು.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಗುಂಡ್ಲುಪೇಟೆಯಲ್ಲಾದರೆ ಸೆಟ್ ಕರೆಂಟಿನಿಂದ ನಡೆಯುತ್ತಿತ್ತು, ಆದರೆ ಆ ಶಾಲೆಗೆ ಕರೆಂಟ್ ಬಂದಿರಲಿಲ್ಲ. ಬ್ಯಾಟರಿ ಇಲ್ಲದೆ ಸೆಟ್ ಕೆಲಸ ಮಾಡುವುದಿಲ್ಲ. ಯಾರೋ ಬಸ್ಸಿನ ಬ್ಯಾಟರಿಯನ್ನೇ ಬಿಚ್ಚಿ ಕೊಡಿ ಎಂದು ಡ್ರೈವರನ್ನು ಕೇಳಿದರು.

“ಕೊಡ್ತೀನಿ. ಗುಂಡ್ಲುಪೇಟೆ ತನಕ ನೀವೆಲ್ಲ ಸೇರಿ ಬಸ್ಸು ತಳ್ಕೊಂಡು ಬನ್ನಿ,” ಎಂದು ಹೇಳಿ ಅವನು ಹೊರಟುಹೋದ.

ಶಾಲೆಯ ಜಗಲಿಯ ಮುಂದೆ ಊರಿಗೆ ಊರೇ ಸೇರಿತ್ತು. ಮುಂದುಗಡೆ ದೊಡ್ಡಮಾದಮ್ಮ ಎನ್ನುವ ಮುದುಕಿ ಎರಡು ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಬಿಸಿಲಲ್ಲಿ ಪಕ್ಕದ ಊರಿನಿಂದ ನಡೆದು ಬಂದವಳು.

ಶಂಭುಲಿಂಗಪ್ಪನವರು ಇಳಿದುಹೋಗಿದ್ದ ಬ್ಯಾಟರಿಗೇ ತಂತಿ ಸಿಕ್ಕಿಸಿದರು. ಸೆಟ್ಟಿನ ಒಳಗೆ ದೀಪದಂತಿದ್ದ ವಾಲ್ವು ಕೆಂಪಗಾಯಿತು. ಜನ ಹೋ ಎಂದರು. ಅದು ಹಾಗೇ ಕಂದುತ್ತ ಬಂದು ಆರಿತು.

“ಯಾವಾಗ್ಲಪ್ಪ ಮಾತಾಡದು ಇದು?” ಎಂದಳು ದೊಡ್ಡಮಾದಮ್ಮ.

“ಅದ್ಕೆ ಹಸಿವಾಗದೆ ಕಣಜ್ಜಿ, ನಿನ್ನ ಮಡ್ಲಲ್ಲಿರೋ ಪುರಿ ಕೊಡು,” ಎಂದ ಒಬ್ಬ. ಜನ ನಕ್ಕರು. “ಗುಂಡ್ಲುಪೇಟೆ ಸಾವ್ಕಾರ್ರು ಪೆಟ್ಟಿಗೆ ತೋರ್ಸಕ್ಕೆ ಬಂದವ್ರೆ, ನೋಡ್ಕೊಂಡು ಹೋಗನ ಬನ್ರಲಾ,” ಎಂದ ಇನ್ನೊಬ್ಬ.

ಶಂಭುಲಿಂಗಪ್ಪನವರು ಜಗಲಿಯ ಅಂಚಿಗೆ ಬಂದು ಕೈ ಮುಗಿದರು. ಟೈಫಾಯಿಡ್ ಬಂದು ಹೋದ ಮೇಲೆ ಅವರ ಬಲಗೈ ನಡುಗುತ್ತಿತ್ತು. ಕೈ ಮುಗಿದಾಗ ಎಡಗೈಯೂ ಅದರ ಜೊತೆ ನಡುಗಿತು.

“ತಪ್ಪಾಯ್ತು. ಇವತ್ತು ಆಗಲ್ಲ. ಇನ್ನೊಂದು ದಿನ ಮಾಡ್ತೀವಿ.”

ಜನ ಎದ್ದರು. ಶಿವಮಲ್ಲಪ್ಪನವರು ತಗ್ಗಿದ ದನಿಯಲ್ಲಿ, ಆದರೆ ಸುತ್ತಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದರು. “ನಾನು ಕಾಯಿಲೆ ಆದಾಗಿಂದ ಹೇಳ್ತಾನೇ ಇದೀನಿ. ಆ ನಡುಗೋ ಕೈಲಿ ಒತ್ತಿದ್ರೆ ಚುಕ್ಕಿ ಯಾವ್ದು, ಗೆರೆ ಯಾವ್ದು?”

ಶಂಭುಲಿಂಗಪ್ಪನವರು ರಾಚಿಯ ಕಡೆ ತಿರುಗಿದರು. ಈಗ ಕೇಳುತ್ತಾರೆ ಎಂದುಕೊಂಡಳು ರಾಚಿ. ಕೇಳಿದರೆ ಹೇಳಿಬಿಡುತ್ತೇನೆ ಎಂದೂ ಅಂದುಕೊಂಡಳು. ಅವರು ಕೇಳಲೇ ಇಲ್ಲ.

“ಇರಬೋದು,” ಎಂದರು. “ಈ ಕೂಸು ತಪ್ಪು ಬರೆಯೋದಲ್ಲ. ಬರದಿದ್ರೆ ಬರ್ಲಿಲ್ಲ ಅಂದಿರೋದು. ನನ್ನ ಕೈಯೇ ಏನೋ ಕಳಿಸಿದೆ.”

ಅಪ್ಪನ ಕೈ ರಾಚಿಯ ಹೆಗಲ ಮೇಲಿತ್ತು. ಅವಳಿಗೆ ಅದು ಬಹಳ ಭಾರವಾಗಿತ್ತು.

ಹಿಂದಕ್ಕೆ ಹೋಗುವ ಬಸ್ಸಿನಲ್ಲಿ ಯಾರೂ ಚಿತ್ರಾನ್ನದ ಗಂಟು ಬಿಚ್ಚಲಿಲ್ಲ. ಚಾಮರಾಜನಗರದ ಕೋಣೆಯಲ್ಲಿ ಮೇಷ್ಟ್ರು ಹೆಡ್‌ಫೋನು ಹಾಕಿಕೊಂಡು ಇನ್ನೂ ಕೂತಿದ್ದರು. ಮಧ್ಯಾಹ್ನದಿಂದ ತೆರಕಣಾಂಬಿಯನ್ನು ಕರೆಯುತ್ತಲೇ ಇದ್ದರಂತೆ.

*

ವಾರದ ಮಧ್ಯೆ ಒಂದು ಸಂಜೆ ಕ್ಲಬ್ಬಿನ ದೊಡ್ಡವರು ಸೇರಿದರು. ಬೀಗ ಹಾಕಿ ಮನೆಗೆ ಬಂದ ಅಪ್ಪ ಅವ್ವನಿಗೆ ಹೇಳುತ್ತಿದ್ದುದು ರಾಚಿಗೆ ಕೇಳಿಸಿತು.

“ಗುಂಡ್ಲುಪೇಟೆ ಸೆಟ್ಟ ವಾಪಸ್ ತಂದ್ಬುಡ್ತರಂತೆ. ಲೈಸೆನ್ಸ್ ಬಂದ್ಮೇಲೆ ಶಿವಮಲ್ಲಪ್ನೋರ್ಗೆ ಕೊಡದಂತೆ.”

“ಸಾವ್ಕಾರ್ರು ಒಪ್ಪುದ್ರಾ?”

“ಮೊದ್ಲು ಹೇಳ್ದೋರೇ ಅವ್ರು. ನನ್ನ ಕೈಗೆ ಇನ್ನು ನಂಬಿಕೆ ಇಲ್ಲ, ತಕೊಂಡೋಗಿ ಅಂತ ಕಾಗ್ದ ಬರ್ದವ್ರೆ. ಪಾಪ, ದಿನಾ ಸಂಜೆ ಅಂಗ್ಡಿ ಮುಚ್ಚುದ್ಮೇಲೆ ಅವ್ರಿಗಿದ್ದಿದ್ದು ಅದೊಂದೇ.”

ರಾಚಿ ಗೋಡೆಯ ಕಡೆ ತಿರುಗಿ ಕೂತಳು.

ಸ್ಕೂಲಿನಲ್ಲಿ ಅವಳಿಗೆ ಹೊಸ ಹೆಸರು ಬಂದಿತ್ತು. ‘ರೇಡಿಯೋ ರಾಚಿ’. ಆರನೇ ಕ್ಲಾಸಿನ ಹುಡುಗಿಯರು ಅವಳಿಗೆ ಪಕ್ಕದಲ್ಲಿ ಜಾಗ ಬಿಡುತ್ತಿದ್ದರು. ಹಿಂದಿನ ವಾರ ಹಾಗೆ ಕರೆದಿದ್ದರೆ ಅವಳು ಹಿಗ್ಗುತ್ತಿದ್ದಳು. ಈಗ ಯಾರಾದರೂ ಹಾಗೆ ಕರೆದರೆ ನಲ್ಲಿಯ ಕಡೆ ಹೋಗಿ ಬೇಡದಿದ್ದರೂ ನೀರು ಕುಡಿಯುತ್ತಿದ್ದಳು.

“ನೀನು ಹೆಂಗೆ ಒಂದೇ ಸಲಕ್ಕೆ ಹಿಡೀತೀಯೆ?” ಎಂದು ಮಂಟೇಸ ಕೇಳಿದ. “ನಂಗೂ ಹೇಳ್ಕೊಡು.”

“ಹೋಗ್ಲಾ ಆಕಡೆ,” ಎಂದಳು ರಾಚಿ. ಅವನು ಏನು ತಪ್ಪು ಮಾಡಿದೆ ಎಂದು ತಿಳಿಯದೆ ನಿಂತ.

*

ಭಾನುವಾರ ಶಂಭುಲಿಂಗಪ್ಪನವರು ಬಂದರು. ಕಡಲೆಕಾಯಿಯನ್ನೂ ತಂದಿದ್ದರು. ಮಕ್ಕಳಿಗೆ ಹಂಚಿ, “ಹೊರಗೆ ಕೂತು ತಿನ್ನಿ, ಒಳಗೆ ಸಿಪ್ಪೆ ಹಾಕ್ಬೇಡಿ,” ಎಂದು ಕಳಿಸಿದರು. “ರಾಚಿ, ನೀನಿರು.”

ಅವಳನ್ನು ಎದುರಿಗೆ ಕೂರಿಸಿ ಒಂದು ಹಾಳೆ ಕೊಟ್ಟರು.

“ನನಗೆ ಒಂದು ಸಹಾಯ ಆಗ್ಬೇಕು ಕಣಮ್ಮಿ. ನನ್ನ ಕೈ ಎಲ್ಲಿ ಜಾರ್ತಿದೆ ಅಂತ ನನಗೆ ತಿಳೀತಿಲ್ಲ. ಒತ್ತೋನಿಗೆ ಅದು ತಿಳಿಯಲ್ಲ, ಕೇಳೋರಿಗೆ ತಿಳಿಯುತ್ತೆ. ನಿನ್ನಷ್ಟು ಒಳ್ಳೆ ಕಿವಿ ಇಲ್ಲಿ ಯಾರಿಗೂ ಇಲ್ಲ. ಅವತ್ತು ಕಳಿಸಿದ್ದನ್ನೇ ಈಗ ಕಳಿಸ್ತೀನಿ. ಕೆಟ್ಟಿರೋ ಅಕ್ಷರದ ಕೆಳಗೆ ಗೆರೆ ಎಳಿ. ಮುಲಾಜು ಬೇಡ.”

ಅವರು ಬಜರ್ ಹತ್ತಿರ ಎಳೆದುಕೊಂಡರು. ಕೈ ಗಾಳಿಯಲ್ಲಿದ್ದಾಗ ನಡುಗುತ್ತಿತ್ತು. ಮಣಿಕಟ್ಟನ್ನು ಮೇಜಿಗೆ ಊರಿದರು. ನಡುಕ ನಿಂತಿತು.

ನಮಸ್ಕಾರ. ನಾಳೆ ತೆರಕಣಾಂಬಿ ಸಭೆಗೆ ಬ್ಯಾಟರಿ ಕಳಿಸಿ. ನನ್ನದು ಇಳಿದಿದೆ.

ರಾಚಿ ತಲೆ ಎತ್ತದೆ ಬರೆದಳು. ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಬಂತು. ಚುಕ್ಕಿ ಚುಕ್ಕಿಯಷ್ಟೇ, ಗೆರೆ ಗೆರೆಯಷ್ಟೇ. ಗಜಕಡ್ಡಿ ಇಟ್ಟು ಅಳೆದ ಹಾಗಿತ್ತು.

“ತೋರ್ಸು.” ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಹಾಳೆಯ ಮೇಲೆ ಒಂದು ಗೆರೆಯೂ ಇರಲಿಲ್ಲ. “ಎಲ್ಲಿ? ಗುರುತೇ ಹಾಕಿಲ್ಲ?”

“ಇಲ್ಲ ಸಾವ್ಕಾರ್ರೇ.”

“ಮುಲಾಜು ಬೇಡ ಅಂದ್ನಲ್ಲ.”

“ಎಲ್ಲೂ ಕೆಟ್ಟಿಲ್ಲ.”

“ಹಂಗಾದ್ರೆ ಅವತ್ತು ಕೆಟ್ಟಿತ್ತು.”

“ಅವತ್ತೂ ಕೆಟ್ಟಿರಲಿಲ್ಲ.” “ನಾನು ತಲೆ ಎತ್ತಿದೆ. ಅಪ್ಪನ್ನ ನೋಡಕ್ಕೆ. ಸಭೆಗೆ ಅನ್ನೋ ತನಕ ಬಂತು. ಆಮೇಲೆ ಬರ್ಲಿಲ್ಲ. ಎಲ್ಲರೂ ಬನ್ನಿ ಅಂತ ನಾನೇ ಸೇರಿಸ್ದೆ.”

ಹೊರಗೆ ಮಕ್ಕಳು ಕಡಲೆಕಾಯಿ ಸಿಪ್ಪೆ ಒಡೆಯುವ ಸದ್ದು ಬರುತ್ತಿತ್ತು. ಬೈದರೆ ಚೆನ್ನಾಗಿತ್ತು ಎನ್ನಿಸಿತು ರಾಚಿಗೆ. ಶಂಭುಲಿಂಗಪ್ಪನವರು ಬೈಯಲಿಲ್ಲ. ತಮ್ಮ ಬಲಗೈಯನ್ನು ಮೇಜಿನ ಮೇಲೆ ಇಟ್ಟುಕೊಂಡು, ಅದು ಬೇರೆ ಯಾರದೋ ಎನ್ನುವ ಹಾಗೆ ನೋಡಿದರು.

“ಈ ವಾರವೆಲ್ಲ ನಾನು ಗಜಕಡ್ಡಿ ಹಿಡೀಲಿಲ್ಲ,” ಎಂದರು ಕೊನೆಗೆ. “ಬಟ್ಟೆ ಅಳೆಯೋದೂ ತಪ್ಪುತ್ತೇನೋ ಅಂತ. ಅಂಗಡಿ ಹುಡುಗನ ಕೈಲಿ ಅಳೆಸ್ದೆ.”

ರಾಚಿ ಪೆನ್ಸಿಲನ್ನು ಹಾಳೆಯ ಪಕ್ಕದಲ್ಲಿಟ್ಟಳು.

“ನನಗೆ ಹೇಳಿದ್ರೆ ಆಗಲಿಲ್ಲ. ಹನ್ನೊಂದು ಗಂಟೆಗೆ ಎಲ್ಲರೂ ಬರ್ತಾರೆ. ಅವ್ರ ಮುಂದೆ ಹೇಳು. ನಾನು ಹೇಳಲ್ಲ.”

ಹನ್ನೊಂದಕ್ಕೆ ಎಲ್ಲರೂ ಬಂದರು. ರಾಚಿ ಮೇಜಿನ ಪಕ್ಕ ನಿಂತು ಹೇಳಿದಳು. ಹೇಳಿ ಮುಗಿಸಲು ಅಷ್ಟು ಹೊತ್ತೇನೂ ಹಿಡಿಯಲಿಲ್ಲ. ಗುರುಪಾದಸ್ವಾಮಿ ಮೇಷ್ಟ್ರು ಮೂಗಿನ ಮೇಲಿನ ಕನ್ನಡಕ ತೆಗೆದು ಒರೆಸಿದರು. “ನಾನು ಎರಡು ಸಲ ಕೇಳಿದೆ,” ಎಂದಷ್ಟೇ ಹೇಳಿದರು.

“ನಾನು ಹೇಳಿರಲಿಲ್ವ?” ಎಂದರು ಶಿವಮಲ್ಲಪ್ಪ. “ಜವಾನನ ಹುಡುಗಿಗೆ ಹೆಡ್‌ಫೋನು ಕೊಡಬೇಡಿ ಅಂತ?”

“ನಡುಗೋ ಕೈ ಅಂತಲೂ ಹೇಳಿದ್ರಿ, ಶಿವಮಲ್ಲಪ್ನೋರೆ,” ಎಂದರು ಶಂಭುಲಿಂಗಪ್ಪ. “ನಿಮ್ಮ ಮಗನೂ ಕ್ಲಾಸಿಗೆ ಬಂದಿದ್ನಲ್ಲ, A ಕಲಿತು ಬಿಟ್ಟೋದ. ಈ ಕೂಸಿಗೆ ನಾನೇ ಹೇಳ್ತೀನಿ ಏನ್ ಹೇಳ್ಬೇಕೋ ಅದನ್ನ. ರಾಚಿ, ಮುಂದಿನ ತೆರಕಣಾಂಬಿ ಸಭೇಲಿ ನೀನು ಬರೆಯೋಂಗಿಲ್ಲ. ಮಂಟೇಸ ಬರೀತಾನೆ. ನೀನು ಬಂದು ಜನದ ಜೊತೆ ಕೂತ್ಕೊ.”

ಅಪ್ಪ ಬಾಗಿಲಲ್ಲಿದ್ದ. ಕೈಯಲ್ಲಿದ್ದ ಬೀಗದ ಕೈ ಗೊಂಚಲನ್ನು ಒಂದೊಂದೇ ತಿರುವಿ ನೋಡುತ್ತಿದ್ದ. ತಲೆ ಎತ್ತಲಿಲ್ಲ.

ಮನೆಗೆ ಹೋಗುವಾಗ ಅವನು ಮುಂದೆ ನಡೆದ. ಅವರ ಬೀದಿಯ ತಿರುವಿಗೆ ಬಂದಾಗ ನಿಂತ. ಜಗಲಿಗಳ ಮೇಲೆ ಜನ ಕೂತಿದ್ದರು.

“ಎಲ್ಲರ್ಗೂ ಹೇಳ್ಬುಟ್ಟಿದ್ದೆ ಕನವ್ವ ನಾನು,” ಎಂದ. ರುಮಾಲು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು, ಯಾರನ್ನೂ ನೋಡದೆ ನಡೆದ. ರಾಚಿ ಅವನ ಹಿಂದೆ ನಡೆದಳು. ಅವನ ಹಿಮ್ಮಡಿಯ ಬಿರುಕುಗಳನ್ನು ಬಿಟ್ಟು ಬೇರೆ ಎಲ್ಲೂ ಅವಳ ಕಣ್ಣು ಹೋಗಲಿಲ್ಲ.

*

ಮತ್ತೆ ತೆರಕಣಾಂಬಿಗೆ ಹೋಗುವ ದಿನ ಅಪ್ಪ ಸಿಂಬೆ ಮಾಡಿಕೊಂಡು ಬ್ಯಾಟರಿಯನ್ನು ತಲೆಯ ಮೇಲೆ ಹೊತ್ತು ಬಸ್‌ಸ್ಟ್ಯಾಂಡಿಗೆ ಬಂದ. ಅದನ್ನು ಟಾಪಿಗೆ ಹಾಕಲು ಬಿಡಲಿಲ್ಲ. ಕಾಲಿನ ಹತ್ತಿರ ಇಟ್ಟುಕೊಂಡು ದಾರಿಯುದ್ದಕ್ಕೂ ಕೈಯಲ್ಲಿ ಹಿಡಿದಿದ್ದ. ರಾಚಿಯ ತೊಡೆಯ ಮೇಲೆ ತಂತಿಯ ಸುರುಳಿ ಇತ್ತು.

ಈ ಸಲ ಮೇಷ್ಟ್ರು ತೆರಕಣಾಂಬಿಗೆ ಬಂದರು. ಚಾಮರಾಜನಗರದ ಕೀ ಮುಂದೆ ಶಂಭುಲಿಂಗಪ್ಪನವರು ಕೂತಿದ್ದರು. ನಾನೇ ಕಳಿಸ್ತೀನಿ ಎಂದು ಅವರೇ ಕೇಳಿ ಕೂತಿದ್ದರು. ಗುಂಡ್ಲುಪೇಟೆಯ ಸೆಟ್ಟನ್ನು ಅವರಿಂದ ವಾಪಸ್ ತರುವ ಮಾತು ಅಲ್ಲಿಗೇ ನಿಂತಿತ್ತು.

ಶಾಲೆಯ ಮುಂದೆ ಹಿಂದಿನಷ್ಟು ಜನ ಇರಲಿಲ್ಲ. ಆದರೆ ದೊಡ್ಡಮಾದಮ್ಮ ಬಂದಿದ್ದಳು, ಅವೇ ಎರಡು ಮೊಮ್ಮಕ್ಕಳ ಜೊತೆ. ರಾಚಿ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತಳು.

“ಈ ಸಲ ಬ್ಯಾಟ್ರಿ ತಂದಿದ್ದೀರಾ ಕೂಸು?”

“ತಂದಿದ್ದೀವಿ ಅಜ್ಜಿ.”

“ಹೋದ್ಸಲ ಯಾರೋ ಮರ್ತ್ಬುಟ್ರಂತೆ.”

“ಮರೀಲಿಲ್ಲ ಅಜ್ಜಿ,” ಎಂದಳು ರಾಚಿ. “ನಾನು ಸರಿಯಾಗಿ ಬರ್ಕೊಳ್ಲಿಲ್ಲ.”

ಮುದುಕಿ ಅವಳನ್ನು ಒಂದು ಸಲ ನೋಡಿ, “ಹಂಗಾ,” ಎಂದು ಮೊಮ್ಮಗನ ಮೂಗು ಒರೆಸಿದಳು.

ಜಗಲಿಯ ಮೇಲೆ ಮಂಟೇಸ ಹೆಡ್‌ಫೋನು ಹಾಕಿಕೊಂಡಿದ್ದ. ಅದು ಅವನ ತಲೆಗೆ ದೊಡ್ಡದಾಗಿತ್ತು. ಒಂದು ಕೈಯಲ್ಲಿ ಅದನ್ನು ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಬರೆಯುತ್ತಿದ್ದ. ನಾಲಿಗೆಯ ತುದಿ ಹೊರಗೆ ಬಂದಿತ್ತು. ಪೆನ್ಸಿಲ್ ಓಡಿತು, ತಡೆಯಿತು, ಮತ್ತೆ ಓಡಿತು, ನಿಂತಿತು.

“ಬಂತಾ?” ಎಂದು ಮೇಷ್ಟ್ರು ಕೇಳಿದರು.

ಮಂಟೇಸ ಜನರನ್ನು ನೋಡಿದ.

“ಇಲ್ಲ ಸಾ. ಮಧ್ಯದಲ್ಲಿ ಹೊರಟೋಯ್ತು. ಇನ್ನೊಂದ್ಸಲ.”

ಜನ ಗೊಳ್ಳೆಂದರು. “ಇವತ್ತೂ ಹೊರಟೋಯ್ತಾ? ಹಿಡ್ಕೊಳ್ಲಾ ಓಡಿಹೋಗಿ,” ಎಂದು ಯಾರೋ ಕೂಗಿದರು. ದೊಡ್ಡಮಾದಮ್ಮ ಹಲ್ಲಿಲ್ಲದ ಬಾಯಿ ತೆರೆದು ಎಲ್ಲರಿಗಿಂತ ಜೋರಾಗಿ ನಕ್ಕಳು. ಮಂಟೇಸನ ಮುಖ ಕೆಂಪಾಯಿತು. ಅವನೂ ಸ್ವಲ್ಪ ನಕ್ಕ.

ಮೇಷ್ಟ್ರು ಕೀಯಲ್ಲಿ ಪ್ರಶ್ನೆ ಗುರುತು ಒತ್ತಿದರು. ರಾಚಿ ಕೂತ ಕಡೆಯಿಂದ ಆ ಒತ್ತು ಮಾತ್ರ ಕಾಣುತ್ತಿತ್ತು. ಚಾಮರಾಜನಗರದಲ್ಲಿ ಮಣಿಕಟ್ಟು ಊರಿ ಕೂತ ಶಂಭುಲಿಂಗಪ್ಪನವರಿಗೆ ಅದು ಈಗ ಕೇಳಿಸುತ್ತಿತ್ತು.

ಮಂಟೇಸನ ಪೆನ್ಸಿಲ್ ಮತ್ತೆ ಓಡತೊಡಗಿತು.

ರಾಚಿ ಸುತ್ತ ನೋಡಿದಳು. ನಗು ಆಗಲೇ ಮುಗಿದಿತ್ತು. ನಕ್ಕವರೇ ಈಗ ಕತ್ತು ಚಾಚಿ ಆ ಪೆನ್ಸಿಲನ್ನು ನೋಡುತ್ತಿದ್ದರು. ದೊಡ್ಡಮಾದಮ್ಮ ಮೊಮ್ಮಗನಿಗೆ “ಸುಮ್ಕಿರ್ಲಾ, ಬತ್ತಾ ಅದೆ” ಎನ್ನುತ್ತಿದ್ದಳು.

ನಗೋದು ಇಷ್ಟೇ ಹೊತ್ತಾ, ಎಂದುಕೊಂಡಳು ರಾಚಿ.

ಅವಳು ಮಂಡಿಯ ಮೇಲೆ, ಯಾರಿಗೂ ಕಾಣದ ಹಾಗೆ, ಬೆರಳಿನಿಂದ ಮೆಲ್ಲಗೆ ಒತ್ತಿದಳು. ಡಿ ಡಿ ಡಾ ಡಾ ಡಿ ಡಿಟ್.